ಮಿಥಿಂಕ್ಸ್: ಇದು ತಪ್ಪು ಇಂಗ್ಲಿಷಾ, ಹಳೇ ಇಂಗ್ಲಿಷಾ?

ಮಳೆಬಿಲ್ಲು
ಎಲ್ಲರಿಗೂ ನಮಸ್ಕಾರ. ಒಂದು ಇಂಗ್ಲಿಷ್ ಪದದ ಬಗ್ಗೆ ಕೇಳಬೇಕಿತ್ತು. 'ಮಿಥಿಂಕ್ಸ್'. ಹಳೆಯ ನಾಟಕಗಳಲ್ಲಿ ಬರುತ್ತೆ. ಈಗಲೂ ಕೆಲವರು ಕಾಮೆಂಟ್‌ಗಳಲ್ಲಿ ತಮಾಷೆಗೆ ಬಳಸುತ್ತಾರೆ. ನಿಘಂಟು ನೋಡಿದರೆ 'ಐ ಥಿಂಕ್' ಅಂತ ಒಂದೇ ಸಾಲಲ್ಲಿ ಮುಗಿಸುತ್ತೆ. ನನ್ನ ತಲೆಗೆ ಹೋಗದೇ ಇರೋದು ಎರಡು ವಿಷಯ. 'ಐ' ಇರಬೇಕಾದ ಕಡೆ 'ಮಿ' ಯಾಕೆ? ಕೊನೆಯಲ್ಲಿ ಆ 'ಸ್' ಎಲ್ಲಿಂದ ಬಂತು? 'ಹಿ ಥಿಂಕ್ಸ್' ಸರಿ, 'ಐ ಥಿಂಕ್ಸ್' ತಪ್ಪು ಅಂತ ತಾನೇ ಶಾಲೆಯಲ್ಲಿ ಹೇಳಿಕೊಟ್ಟಿದ್ದು? ಆಫೀಸಲ್ಲಿ ಒಬ್ಬರು "ಆ ಕಾಲದವರಿಗೆ ವ್ಯಾಕರಣ ಬರ್ತಿರಲಿಲ್ಲ ಬಿಡಿ" ಅಂದರು. ಒಪ್ಪೋಕೆ ಮನಸ್ಸು ಬರ್ತಿಲ್ಲ.

ಹಳೇಹೊತ್ತಿಗೆ
ಆ ಕಾಲದವರಿಗೆ ವ್ಯಾಕರಣ ಚೆನ್ನಾಗೇ ಬರುತ್ತಿತ್ತು. ಮಿಥಿಂಕ್ಸ್‌ನಲ್ಲಿ ಇರುವ 'ಥಿಂಕ್' ನಾವು ದಿನಾ ಬಳಸುವ 'ಥಿಂಕ್' ಅಲ್ಲ. ಅದು ಬೇರೆಯದೇ ಕ್ರಿಯಾಪದ. ಈಗ ಸತ್ತುಹೋಗಿದೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ನಲ್ಲಿ ಎರಡು ಕ್ರಿಯಾಪದಗಳಿದ್ದವು. ಒಂದು 'ಥೆಂಚನ್', ಅಂದರೆ ಯೋಚಿಸು. ಇನ್ನೊಂದು 'ಥ್ಯುಂಚನ್', ಅಂದರೆ ಅನ್ನಿಸು, ತೋರು. ಮೊದಲನೆಯದಕ್ಕೆ ಯೋಚಿಸುವವನೇ ಕರ್ತೃ. ಎರಡನೆಯದರಲ್ಲಿ ಹಾಗಲ್ಲ. ಯಾರಿಗೆ ಅನ್ನಿಸುತ್ತೋ ಅವರು ಚತುರ್ಥಿ ವಿಭಕ್ತಿಯಲ್ಲಿ ಇರುತ್ತಾರೆ. ಹಾಗಾಗಿ ಇಲ್ಲಿರುವ 'ಮಿ' ಅಂದರೆ 'ನನ್ನನ್ನು' ಅಲ್ಲ, 'ನನಗೆ'. ಇನ್ನು 'ಸ್'. ಅದು ಪ್ರಥಮ ಪುರುಷ (ಅವನು, ಅವಳು, ಅದು) ಏಕವಚನದ ಪ್ರತ್ಯಯ. 'ಅನ್ನಿಸುತ್ತದೆ' ಅನ್ನುವಾಗ ಕೊನೆಯಲ್ಲಿ ನಪುಂಸಕ ಪ್ರತ್ಯಯ ಬರುತ್ತಲ್ಲ, ಅದೇ ಕೆಲಸ ಇದರದ್ದು. ಒಟ್ಟು ಸೇರಿಸಿ ಓದಿ: ಮಿ ಥಿಂಕ್ಸ್ = ನನಗೆ ಅನ್ನಿಸುತ್ತದೆ. ಒಂದಕ್ಷರವೂ ತಪ್ಪಿಲ್ಲ.

ಮಳೆಬಿಲ್ಲು
ಅಯ್ಯೋ, ಇಷ್ಟು ಸುಲಭನಾ! ಕನ್ನಡದಲ್ಲಿ ಓದಿದ್ದರೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಆದರೆ ಮೇಷ್ಟ್ರೇ, ಎರಡು ಬೇರೆ ಪದಗಳು ಒಂದೇ 'ಥಿಂಕ್' ಹೇಗಾದವು?

ಹಳೇಹೊತ್ತಿಗೆ
ಉಚ್ಚಾರಣೆ ಸವೆದು. ಥ್ಯುಂಚನ್‌ನಲ್ಲಿದ್ದ ಸ್ವರ ಕನ್ನಡದಲ್ಲಿ ಇಲ್ಲ. ತುಟಿ ದುಂಡಗೆ ಮಾಡಿ 'ಇ' ಅಂದರೆ ಬರುವ ಸದ್ದು ಅದು. ಕಾಲ ಕಳೆದ ಹಾಗೆ ತುಟಿ ದುಂಡಗಾಗೋದು ನಿಂತಿತು, ಬರೀ 'ಇ' ಉಳಿಯಿತು. ಆ ಕಡೆ ಥೆಂಚನ್‌ನಲ್ಲಿದ್ದ 'ಎ' ಅನುನಾಸಿಕದ ಪಕ್ಕ ಇದ್ದದ್ದರಿಂದ ಮೇಲೆ ಸರಿದು ಅದೂ 'ಇ' ಆಯಿತು. ಎರಡೂ ಒಂದೇ ಕಡೆ ಬಂದು ನಿಂತವು. ಭೂತಕಾಲದಲ್ಲೂ ಇದೇ ಕತೆ. ಒಂದರದ್ದು 'ಥೋಹ್ಟೆ', ಇನ್ನೊಂದರದ್ದು 'ಥೂಹ್ಟೆ'. ಎರಡೂ ಸೇರಿ 'ಥಾಟ್'.

'ಎ' ಹೋಗಿ 'ಇ' ಆದದ್ದಕ್ಕೆ ನಿಮ್ಮ ಕಣ್ಣೆದುರೇ ಸಾಕ್ಷಿ ಇದೆ. 'ಪೆನ್', 'ಟೆನ್' ಪದಗಳಲ್ಲಿ 'ಎ' ಅಂತ ಓದುವ ಅಕ್ಷರದಿಂದಲೇ 'ಇಂಗ್ಲೆಂಡ್', 'ಇಂಗ್ಲಿಷ್' ಶುರುವಾಗುತ್ತವೆ. ಬರೆಯೋದು ಹಳೆಯ ಸದ್ದು, ಓದೋದು ಹೊಸ ಸದ್ದು. ನಾವು ಕನ್ನಡದಲ್ಲಿ ಕಿವಿಗೆ ಬಿದ್ದ ಹಾಗೆ 'ಇ' ಹಾಕಿ ಬರೆದೆವು.

ಪೇಡೆಪ್ರಿಯ
ಅಲ್ರೀ ಮೇಷ್ಟ್ರೇ, ಥೆಂಚನ್‌ದಾಗ 'ಚ' ಐತಿ, ಥಿಂಕ್‌ದಾಗ 'ಕ' ಐತಿ. ಇದೆಂಗ?

ಹಳೇಹೊತ್ತಿಗೆ
ಒಳ್ಳೆಯ ಪ್ರಶ್ನೆ. ಮೂಲ ರೂಪದಲ್ಲಿ 'ಚ' ಇದ್ದರೂ, ಅದರ ನಂತರ ಇನ್ನೊಂದು ವ್ಯಂಜನ ಬಂದಾಗ 'ಕ' ಆಗುತ್ತಿತ್ತು. 'ಥ್ಯುಂಕ್ಥ್' ಅಂದರೆ 'ಅನ್ನಿಸುತ್ತದೆ'. ಉತ್ತರದ ಆಡುನುಡಿಗಳಲ್ಲಂತೂ 'ಕ' ಹೆಚ್ಚು. ಕೊನೆಗೆ ಅದೇ ಗೆದ್ದಿತು. 'ಸೀಕ್' ಮತ್ತು 'ಬಿಸೀಚ್' ನೋಡಿ. ಎರಡೂ ಒಂದೇ ಧಾತುವಿನವು. ಒಂದರಲ್ಲಿ 'ಕ' ಗೆದ್ದಿದೆ, ಇನ್ನೊಂದರಲ್ಲಿ 'ಚ' ಉಳಿದಿದೆ.

ನುಡಿಗಾರ
ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಥೆಂಚನ್, ಥ್ಯುಂಚನ್ ಎರಡೂ ಬೇರೆ ಪದಗಳು ಹೌದು, ಆದರೆ ಒಂದೇ ಧಾತುವಿನಿಂದ ಹುಟ್ಟಿದ್ದು. 'ಥ್ಯಾಂಕ್' ಕೂಡ ಅದೇ ಮನೆಯದ್ದು. ಯಾರನ್ನೋ ಒಳ್ಳೆಯ ಮನಸ್ಸಿಂದ ನೆನೆಯೋದು ಅನ್ನೋ ಅರ್ಥದಿಂದ 'ಥ್ಯಾಂಕ್' ಬಂತು.

ಈಗ ಕನ್ನಡ ನೋಡಿ. 'ನಾನು ಅಂದುಕೊಂಡೆ', 'ನನಗೆ ಅನ್ನಿಸಿತು'. ಎರಡೂ 'ಅನ್ನು' ಧಾತುವಿನಿಂದಲೇ ಬಂದಿವೆ. ಒಂದಕ್ಕೆ 'ಕೊಳ್ಳು' ಸೇರಿತು, ಇನ್ನೊಂದಕ್ಕೆ 'ಇಸು' ಸೇರಿತು. ಒಂದರಲ್ಲಿ 'ನಾನು', ಇನ್ನೊಂದರಲ್ಲಿ 'ನನಗೆ'. ಅರ್ಥದ ವ್ಯತ್ಯಾಸವೂ ಥೆಂಚನ್, ಥ್ಯುಂಚನ್ ನಡುವೆ ಇದ್ದಷ್ಟೇ. ಅಂದುಕೊಳ್ಳೋದು ನನ್ನ ಕೆಲಸ. ಅನ್ನಿಸೋದು ನನ್ನ ಕೈಯಲ್ಲಿ ಇಲ್ಲ.

ಸಿಡಿಲಮರಿ
ಹಾಗಾದ್ರೆ ಇಂಗ್ಲಿಷ್‌ನವರು ಇದನ್ನ ನಮ್ಮಿಂದಲೇ ಕಲಿತಿದ್ದಾರೆ ಅಂತಾಯ್ತು. ಇಂಥದ್ದು ಇನ್ನೂ ಎಷ್ಟಿದೆಯೋ. ಯಾರೂ ಹೇಳಲ್ಲ.

ನುಡಿಗಾರ
ಇಲ್ಲ ಸರ್. ಹಾಗೆ ಆಗೋಕೆ ಸಾಧ್ಯವೇ ಇಲ್ಲ. ಕನ್ನಡ ದ್ರಾವಿಡ ಕುಟುಂಬದ್ದು, ಇಂಗ್ಲಿಷ್ ಜರ್ಮಾನಿಕ್ ಕುಟುಂಬದ್ದು. ಈ ರೂಪ ಇಂಗ್ಲಿಷ್‌ನಲ್ಲಿ ಓಡಾಡುತ್ತಿದ್ದ ಕಾಲಕ್ಕೆ ಎರಡೂ ಭಾಷೆಯವರಿಗೆ ಒಬ್ಬರ ಮುಖ ಒಬ್ಬರಿಗೆ ಗೊತ್ತಿರಲಿಲ್ಲ. ಹಸಿವು, ಚಳಿ, ಇಷ್ಟ, ನೆನಪು, ಅನಿಸಿಕೆ. ಇವೆಲ್ಲ ನಾವಾಗಿ ಮಾಡೋ ಕೆಲಸಗಳಲ್ಲ, ತಾವಾಗಿ ಬರುವಂಥವು. ಅನುಭವಿಸುವವರನ್ನು ಚತುರ್ಥಿಯಲ್ಲಿ ಇಡೋದು ಜಗತ್ತಿನ ಎಷ್ಟೋ ಭಾಷೆಗಳಲ್ಲಿ ಇದೆ. ರಷ್ಯನ್‌ನಲ್ಲಿ ಇದೆ, ಸ್ಪ್ಯಾನಿಷ್‌ನಲ್ಲಿ ಇದೆ. ಹಿಂದಿಯ 'ಮುಝೆ ಲಗ್ತಾ ಹೈ' ಕೂಡ ಇದೇ.

ಕಡಲತಡಿ
ನಮ್ಮ ಊರಲ್ಲಂತೂ ಯಾವ ಭಾಷೆ ಮಾತಾಡಿದರೂ ಇದೇ. ತುಳುವಿನಲ್ಲಿ 'ಎಂಕ್ ತೋಜುಂಡು', ಕೊಂಕಣಿಯಲ್ಲಿ 'ಮ್ಹಾಕಾ ದಿಸ್ತಾ'. ಎರಡಕ್ಕೂ 'ನನಗೆ ಕಾಣುತ್ತೆ' ಅಂತಲೇ ಅರ್ಥ. ತುಳು ದ್ರಾವಿಡ, ಕೊಂಕಣಿ ಅಲ್ಲ. ಆದರೂ ಎರಡೂ ಒಂದೇ ದಾರಿ ಹಿಡಿದಿವೆ. ಇವು ಅಕ್ಕಪಕ್ಕದ ಮನೆಯವು, ಒಬ್ಬರಿಂದ ಒಬ್ಬರು ಕಲಿತಿರಬಹುದು ಅಂದರೆ ಒಪ್ಪಬಹುದು. ಇಂಗ್ಲಿಷ್ ವಿಷಯಕ್ಕೆ ಅದು ಹೊಂದಲ್ಲ.

ಗಡಿಯಾಚೆ
ಜರ್ಮನಿಯಿಂದ ಬರೀತಿದ್ದೀನಿ. ಇಲ್ಲಿ ಮಿಥಿಂಕ್ಸ್‌ನ ಅಣ್ಣ ಇನ್ನೂ ಉಸಿರಾಡ್ತಿದ್ದಾನೆ. 'ಮಿಶ್ ಡ್ಯುಂಕ್ಟ್'. ಆದರೆ ಮುದುಕನಾಗಿದ್ದಾನೆ. ಪುಸ್ತಕದಲ್ಲಿ ಸಿಗುತ್ತಾನೆ, ಬೇಕರಿಯಲ್ಲಿ ಸಿಗಲ್ಲ. ಕೆಲವರು 'ಮಿರ್ ಡ್ಯುಂಕ್ಟ್' ಅಂತಲೂ ಬರೀತಾರೆ. 'ನನ್ನನ್ನು' ಅನ್ನಬೇಕೋ 'ನನಗೆ' ಅನ್ನಬೇಕೋ ಅಂತ ಅವರಿಗೇ ಗೊಂದಲ. ಯೋಚಿಸೋದಕ್ಕೆ 'ಡೆಂಕನ್' ಅಂತ ಬೇರೆ ಪದ ಇದೆ. ಎರಡೂ ಬೆರೆತಿಲ್ಲ.

ಡಚ್‌ನವರು 'ಮೈ ಡುಂಕ್ಟ್' ಅಂತಾರೆ. ಐಸ್‌ಲ್ಯಾಂಡ್‌ನವರಂತೂ ಈಗಲೂ ದಿನಾ 'ಮ್ಯೆರ್ ಫಿನ್ಸ್ಟ್' ಅಂತಲೇ ಮಾತಾಡೋದು. ಕ್ರಿಯಾಪದ ಬೇರೆ, ಆದರೆ 'ನನಗೆ' ಅಂತಲೇ ಶುರು.

ಇಲ್ಲಿ ಬಂದ ಹೊಸದರಲ್ಲಿ ನಮ್ಮವರು ಇಂಗ್ಲಿಷ್ ಮನಸ್ಸಲ್ಲಿಟ್ಟುಕೊಂಡು 'ಇಶ್ ಬಿನ್ ಕಾಲ್ಟ್' ಅಂತಾರೆ. 'ನಾನು ಚಳಿ' ಅಂದ ಹಾಗೆ. ಕೇಳಿದವರಿಗೆ 'ನನ್ನದು ತಣ್ಣಗಿನ ಮನಸ್ಸು' ಅಂತ ಕೇಳಿಸುತ್ತೆ. 'ಮಿರ್ ಇಸ್ಟ್ ಕಾಲ್ಟ್' ಅನ್ನಬೇಕು, ಅಂದರೆ 'ನನಗೆ ಚಳಿ'. ಕನ್ನಡದಿಂದ ನೇರವಾಗಿ ಹೋಗಿದ್ದರೆ ತಪ್ಪೇ ಆಗ್ತಿರಲಿಲ್ಲ.

ಮಳೆಬಿಲ್ಲು
ಮೇಷ್ಟ್ರೇ, ಆ ಹಳೇ ಥ್ಯುಂಚನ್ ನಿಜವಾಗಿ ಬಳಕೆಯಲ್ಲಿದ್ದ ಒಂದು ವಾಕ್ಯ ಕೊಡ್ತೀರಾ? ನಾಟಕದ್ದು ಬೇಡ. ಅದಕ್ಕೂ ಹಿಂದಿನದು.

ಹಳೇಹೊತ್ತಿಗೆ
ಸಿಕ್ಕಾಪಟ್ಟೆ ಚೆನ್ನಾಗಿರೋದು ಒಂದಿದೆ. ಆಲ್ಫ್ರೆಡ್ ಅಂತ, ಇಂಗ್ಲೆಂಡ್‌ನ ವೆಸೆಕ್ಸ್ ಸೀಮೆಯ ರಾಜ. ಆಳಿದ್ದು 871ರಿಂದ 899ರವರೆಗೆ. ವೈಕಿಂಗ್‌ಗಳ ದಾಳಿಯಲ್ಲಿ ಮಠಗಳು ಸುಟ್ಟುಹೋಗಿದ್ದವು. ಲ್ಯಾಟಿನ್ ಓದಬಲ್ಲವರೇ ಅಪರೂಪ ಆಗಿದ್ದರು. ಪೋಪ್ ಗ್ರೆಗೊರಿ ಬರೆದ ಒಂದು ಲ್ಯಾಟಿನ್ ಗ್ರಂಥವನ್ನು ಆಲ್ಫ್ರೆಡ್ ಇಂಗ್ಲಿಷ್‌ಗೆ ತಂದ. ಪ್ರತಿಗಳನ್ನು ಮಾಡಿಸಿ ಬಿಷಪ್‌ಗಳಿಗೆ ಕಳಿಸಿದ. ಅದರ ಮುನ್ನುಡಿ ಪತ್ರದ ರೂಪದಲ್ಲಿದೆ. ವೂಸ್ಟರ್‌ನ ಬಿಷಪ್‌ಗೆ ಹೋದ ಪ್ರತಿ ಈಗಲೂ ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದಲ್ಲಿ ಇದೆ. ಅದರಲ್ಲಿ ಬರೀತಾನೆ:

"ಫೊರ್‌ಥಿ ಮೇ ಥ್ಯುಂಕ್ಥ್ ಬೆಟ್ರೆ, ಯಿಫ್ ಯೋವ್ ಸ್ವ್ಯಾ ಥ್ಯುಂಕ್ಥ್..."

ಪದಕ್ಕೆ ಪದ ಇಟ್ಟರೆ: "ಆದ್ದರಿಂದ ನನಗೆ ಮೇಲು ಅನ್ನಿಸುತ್ತದೆ, ನಿಮಗೂ ಹಾಗೆ ಅನ್ನಿಸಿದರೆ..." ಏನು ಮೇಲು? ಎಲ್ಲರೂ ತಿಳಿಯಲೇಬೇಕಾದ ಕೆಲವು ಪುಸ್ತಕಗಳನ್ನು ನಮಗೆಲ್ಲ ಅರ್ಥವಾಗುವ ಭಾಷೆಗೆ ತರೋದು. ರಾಜ ಬಿಷಪ್‌ಗೆ ಬರೀತಿದ್ದಾನೆ. 'ನಾನು ಹೇಳಿದ್ದೇನೆ, ಮಾಡಿ' ಅನ್ನಬಹುದಿತ್ತು. 'ನನಗೆ ಅನ್ನಿಸುತ್ತೆ, ನಿಮಗೂ ಅನ್ನಿಸಿದರೆ' ಅಂತಾನೆ. ಅಲ್ಲಿರುವ 'ಮೇ ಥ್ಯುಂಕ್ಥ್' ಇದೆಯಲ್ಲ, ಅದೇ ನಮ್ಮ ಮಿಥಿಂಕ್ಸ್.

ಕಡಲತಡಿ
ಹೆಚ್ಚುಕಡಿಮೆ ಅದೇ ಹೊತ್ತಿಗೆ ಇಲ್ಲಿ ಕವಿರಾಜಮಾರ್ಗ ಬಂದಿತ್ತು. ಕನ್ನಡ ನಾಡು ಎಲ್ಲಿಂದ ಎಲ್ಲಿವರೆಗೆ, ಕನ್ನಡದಲ್ಲಿ ಕಾವ್ಯ ಹೇಗೆ ಬರೀಬೇಕು ಅಂತ ಇಲ್ಲಿ ಚರ್ಚೆ. ಲ್ಯಾಟಿನ್ ಬಾರದವರಿಗೆ ಇಂಗ್ಲಿಷ್‌ನಲ್ಲಿ ಪುಸ್ತಕ ಬೇಕು ಅಂತ ಅಲ್ಲಿ ಚರ್ಚೆ.

ಸಿಡಿಲಮರಿ
ಅಲ್ಲಿಂದ ಇಲ್ಲಿಗೆ ಬಂದಿಲ್ಲ, ಇಲ್ಲಿಂದ ಅಲ್ಲಿಗೆ ಹೋಗಿಲ್ಲ. ಸರಿ, ಒಪ್ಪಿದೆ. ಆದರೆ ಒಂದು ಮಾತು. 'ನಾನು ಯೋಚಿಸುತ್ತೇನೆ' ಅನ್ನೋದರಲ್ಲಿ ಅಹಂಕಾರ ಇದೆ. 'ನನಗೆ ಅನ್ನಿಸುತ್ತದೆ' ಅನ್ನೋದರಲ್ಲಿ ವಿನಯ ಇದೆ. ಇಂಗ್ಲಿಷ್‌ನವರು ಆ ವಿನಯ ಕಳೆದುಕೊಂಡರು. ರಾಜ ಆಲ್ಫ್ರೆಡ್ ಉದಾಹರಣೆಯೇ ಸಾಕ್ಷಿ ಅಲ್ವಾ?

ನುಡಿಗಾರ
ಕೇಳೋಕೆ ಚೆನ್ನಾಗಿದೆ, ಆದರೆ ನಿಲ್ಲಲ್ಲ. "ನೀನು ಮೂರ್ಖ ಅಂತ ನನಗೆ ಅನ್ನಿಸುತ್ತೆ" ಅಂತ ಯಾರಿಗಾದರೂ ಹೇಳಿ ನೋಡಿ. ಚತುರ್ಥಿ ವಿಭಕ್ತಿ ಇದೆ ಅಂತ ವಿನಯ ಬರುತ್ತಾ? ಆಲ್ಫ್ರೆಡ್‌ನ ವಿನಯ ಇರೋದು 'ನಿಮಗೂ ಹಾಗೆ ಅನ್ನಿಸಿದರೆ' ಅನ್ನೋ ಮಾತಿನಲ್ಲಿ, ವಿಭಕ್ತಿಯಲ್ಲಿ ಅಲ್ಲ. ಇಂಗ್ಲಿಷ್ ಈ ರೂಪವನ್ನ ಬಿಟ್ಟದ್ದಕ್ಕೆ ಕಾರಣ ಜನರ ಸ್ವಭಾವ ಅಲ್ಲವೇ ಅಲ್ಲ. ಅದು ವಿಭಕ್ತಿ ಪ್ರತ್ಯಯಗಳು ಉದುರಿಹೋದ ಕತೆ.

ಡೆನ್ಮಾರ್ಕ್‌ನ ಭಾಷಾಶಾಸ್ತ್ರಜ್ಞ ಒಟ್ಟೊ ಯೆಸ್ಪರ್ಸನ್ 1894ರಲ್ಲಿ ಇದಕ್ಕೆ ಒಂದು ಉದಾಹರಣೆ ಕಟ್ಟಿದರು. ಭಾಷಾಶಾಸ್ತ್ರ ಓದಿದವರೆಲ್ಲ ಒಂದಲ್ಲ ಒಂದು ಸಲ ಅದನ್ನ ನೋಡಿರ್ತಾರೆ. ಹಳೆಯ ಇಂಗ್ಲಿಷ್‌ನಲ್ಲಿ:

"ಥಾಮ್ ಕ್ಯುಂಗೆ ಲಿಕೊಡೊನ್ ಪೆರನ್."

ರಾಜನಿಗೆ ಪೇರ್ ಹಣ್ಣುಗಳು ಹಿಡಿಸಿದವು. 'ಥಾಮ್ ಕ್ಯುಂಗೆ' ಅಂದರೆ 'ರಾಜನಿಗೆ'. 'ಲಿಕೊಡೊನ್' ಬಹುವಚನ, ಯಾಕೆಂದರೆ ಹಣ್ಣುಗಳು ಬಹುವಚನ. ಕನ್ನಡದಲ್ಲೂ ನೋಡಿ: ರಾಜ ಒಬ್ಬನೇ ಇದ್ದರೂ 'ಹಿಡಿಸಿದವು' ಅಂತೀವಿ. ಕ್ರಿಯಾಪದ ಹಣ್ಣಿನ ಮಾತು ಕೇಳುತ್ತೆ, ರಾಜನ ಮಾತಲ್ಲ.

ಆಮೇಲೆ 'ರಾಜನಿಗೆ' ಅನ್ನೋದರ 'ಗೆ' ಉದುರಿಹೋಯಿತು. ಉಳಿದದ್ದು ಬರೀ 'ದ ಕಿಂಗ್'. ವಾಕ್ಯದಲ್ಲಿ ಮೊದಲು ಬರುವ ಹೆಸರೇ ಕರ್ತೃ ಅನ್ನೋ ಅಭ್ಯಾಸ ಇಂಗ್ಲಿಷ್‌ಗೆ ಬರುತ್ತಿತ್ತು. 'ದ ಕಿಂಗ್ ಲೈಕ್ಡ್ ಪೇರ್ಸ್' ಅಂದಾಗ ಯಾರು ಕರ್ತೃ? ಹಳಬರಿಗೆ ಹಣ್ಣು, ಮಕ್ಕಳಿಗೆ ರಾಜ. ವಾಕ್ಯ ಅದೇ, ಕೇಳುವ ಕಿವಿ ಬದಲಾಯಿತು. ಕೊನೆಗೆ 'ದ ಕಿಂಗ್' ತೆಗೆದು ಸರ್ವನಾಮ ಹಾಕುವಾಗ 'ಹಿಮ್' ಬದಲು 'ಹಿ' ಬಂತು. ಅಲ್ಲಿಗೆ ಕೆಲಸ ಮುಗಿಯಿತು.

ಕೋಡುಬಳೆ_ಕೋಡರ್
ಅಂದರೆ 'ಲೈಕ್' ಅಂದರೆ ಮೊದಲು 'ಇಷ್ಟಪಡು' ಅಲ್ಲ, 'ಹಿಡಿಸು' ಅಂತಲಾ? ಫೇಸ್‌ಬುಕ್ ಬಟನ್ ತಲೆಕೆಳಗಾಯ್ತಲ್ಲ ಹಾಗಾದ್ರೆ.

ಹಳೇಹೊತ್ತಿಗೆ
ಹೌದು, 'ಹಿಡಿಸು' ಅಂತಲೇ. ಶೇಕ್ಸ್‌ಪಿಯರ್ ಕಾಲಕ್ಕೂ ಎರಡೂ ಬಳಕೆ ಇತ್ತು. 'ಕಿಂಗ್ ಲಿಯರ್'ನಲ್ಲಿ ಕೆಂಟ್ ಒಬ್ಬನನ್ನ ಚೆನ್ನಾಗಿ ಬೈತಾನೆ. 'ಅವನ ತಪ್ಪೇನು?' ಅಂತ ಕಾರ್ನ್‌ವಾಲ್ ಕೇಳಿದರೆ, 'ಹಿಸ್ ಕೌಂಟೆನೆನ್ಸ್ ಲೈಕ್ಸ್ ಮಿ ನಾಟ್' ಅಂತಾನೆ. ಅವನ ಮುಖ ನನಗೆ ಹಿಡಿಸಲ್ಲ! ಈ ಸಾಲನ್ನ ಇವತ್ತಿನ ಇಂಗ್ಲಿಷ್‌ನಲ್ಲಿ ಓದಿದರೆ 'ಅವನ ಮುಖ ನನ್ನನ್ನು ಇಷ್ಟಪಡಲ್ಲ' ಅಂತ ಆಗಿಬಿಡುತ್ತೆ.

ಪೇಡೆಪ್ರಿಯ
ಮುಖಾ ನೋಡಿ ಬೈಯೋದು ನಮ್ಮ ಕಡೆನೂ ಐತಿ ಬಿಡ್ರಿ.

ಆದ್ರ ಒಂದು ತಿಳೀಲಿಲ್ಲ. 'ರಾಜನಿಗೆ' ಅನ್ನೋದರ 'ಗೆ' ಉದುರಿತು, ಒಪ್ಪಿದೆ. 'ಮಿ'ದಾಗ ಏನೂ ಉದುರಿಲ್ಲಲ್ಲ? ಐ ಬೇರೆ, ಮಿ ಬೇರೆ ಅಂತ ಇವತ್ತಿಗೂ ಗೊತ್ತಾಗತದ. ಹಂಗಾದ್ರ ಮಿಥಿಂಕ್ಸ್ ಯಾಕ ಸತ್ತಿತು?

ನುಡಿಗಾರ
ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. 'ಮಿ' ಸ್ಪಷ್ಟವಾಗಿ ಬೇರೆ ಇದ್ದದ್ದರಿಂದಲೇ ಮಿಥಿಂಕ್ಸ್ ಅಷ್ಟು ದಿನ ಬದುಕಿತು. ಉಳಿದ ಕಡೆ ಈ ರಚನೆ ಹೋದ ಮೇಲೂ ಇದೊಂದು ಗಟ್ಟಿಯಾಗಿ ಕೂತಿತ್ತು. 14ನೇ ಶತಮಾನದ ಕವಿ ಚಾಸರ್‌ನಲ್ಲಿ 'ಮಿ ಥಿಂಕೆತ್' ಇದೆ, 'ಹಿಮ್ ಥಾಟ್' ಕೂಡ ಇದೆ. ಅಂದರೆ ಯಾರಿಗೆ ಬೇಕಾದರೂ ಅನ್ನಿಸಬಹುದಿತ್ತು. ಶೇಕ್ಸ್‌ಪಿಯರ್ ಹೊತ್ತಿಗೆ ಹೆಚ್ಚಾಗಿ 'ನನಗೆ' ಮಾತ್ರ ಅನ್ನಿಸುತ್ತೆ. ಬೇರೆಯವರಿಗೆ ಅನ್ನಿಸೋದು ಅಪರೂಪ. ಕ್ರಿಯಾಪದ ಅನ್ನೋದಕ್ಕಿಂತ ಅದೊಂದು ಅಚ್ಚುಮಾತು ಆಗಿತ್ತು. ಎರಡು ಪದ ಕೂಡಿಕೊಂಡು ಒಂದೇ ಪದವಾಯಿತು.

ಅರ್ಥದ ಜಾಗವೂ ಬೇರೆ ಪದದ ಪಾಲಾಯಿತು. 'ಇಟ್ ಸೀಮ್ಸ್ ಟು ಮಿ'. ಈ 'ಸೀಮ್' ಇಂಗ್ಲಿಷ್‌ನದ್ದೇ ಅಲ್ಲ, ವೈಕಿಂಗ್‌ಗಳ ನಾರ್ಸ್ ಭಾಷೆಯಿಂದ ಬಂದದ್ದು. ಅಲ್ಲಿ ಅದರ ಅರ್ಥ 'ಒಪ್ಪು, ತಕ್ಕದಾಗು'. ಆಲ್ಫ್ರೆಡ್ ಯಾರ ಜೊತೆ ಯುದ್ಧ ಮಾಡಿದನೋ ಅವರ ಭಾಷೆಯ ಪದವೇ ಕೊನೆಗೆ ಆಲ್ಫ್ರೆಡ್ ಬಳಸಿದ ಕ್ರಿಯಾಪದದ ಜಾಗದಲ್ಲಿ ಬಂದು ಕೂತಿತು.

ಮಳೆಬಿಲ್ಲು
ಇದು ಚೆನ್ನಾಗಿದೆ! ಸರಿ, ಈಗ ಎಲ್ಲರಿಗೂ ಗೊತ್ತಿರೋ ಆ ಸಾಲಿಗೆ ಬರೋಣ. 'ಮಿಥಿಂಕ್ಸ್ ದ ಲೇಡಿ ಡತ್ ಪ್ರೊಟೆಸ್ಟ್ ಟೂ ಮಚ್'. ಯಾರಾದರೂ 'ನಾನಲ್ಲ, ನಾನಲ್ಲ' ಅಂತ ಜಾಸ್ತಿ ಹೇಳಿದರೆ ಇದನ್ನ ಎಸೀತಾರೆ.

ಹಳೇಹೊತ್ತಿಗೆ
ಆ ಸಾಲಿಗೆ ಎರಡು ಅನ್ಯಾಯ ಆಗಿದೆ. ಮೊದಲನೆಯದು, ಹ್ಯಾಮ್ಲೆಟ್‌ನಲ್ಲಿ ಮಿಥಿಂಕ್ಸ್ ಮೊದಲು ಬರಲ್ಲ. 'ದ ಲೇಡಿ ಡತ್ ಪ್ರೊಟೆಸ್ಟ್ ಟೂ ಮಚ್, ಮಿಥಿಂಕ್ಸ್' ಅಂತ ಕೊನೆಗೆ ಬರುತ್ತೆ.

ಎರಡನೆಯದು 'ಪ್ರೊಟೆಸ್ಟ್'. ಈಗ ಅದರ ಅರ್ಥ ಪ್ರತಿಭಟಿಸು, ಅಲ್ಲಗಳೆ. ಆಗ ಆಣೆ ಇಟ್ಟು ಗಟ್ಟಿಯಾಗಿ ಹೇಳೋದು ಅಂತ ಅರ್ಥ. ಮೂರನೇ ಅಂಕದ ಎರಡನೇ ದೃಶ್ಯ. ಅರಮನೆಯಲ್ಲಿ ನಾಟಕದೊಳಗೊಂದು ನಾಟಕ ನಡೀತಿದೆ. ಅದರಲ್ಲಿನ ರಾಣಿ 'ನನ್ನ ಗಂಡ ಸತ್ತರೆ ಇನ್ನೊಂದು ಮದುವೆ ಆಗೋದೇ ಇಲ್ಲ' ಅಂತ ಆಣೆ ಮೇಲೆ ಆಣೆ ಇಡ್ತಾಳೆ. ನಾಟಕ ಹೇಗನ್ನಿಸ್ತಿದೆ ಅಂತ ಹ್ಯಾಮ್ಲೆಟ್ ತಾಯಿಯನ್ನ ಕೇಳ್ತಾನೆ. ಗಂಡ ಸತ್ತ ಸ್ವಲ್ಪ ದಿನಕ್ಕೇ ಮೈದುನನ್ನ ಮದುವೆಯಾದವಳು ಈ ತಾಯಿ ಗರ್ಟ್ರೂಡ್. ಅವಳು ಹೇಳೋ ಮಾತು ಇದು. ಅಲ್ಲಗಳೆಯೋದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಪೇಡೆಪ್ರಿಯ
ಅಂದ್ರ "ಆ ಹೆಣ್ಣುಮಗಳು ಆಣಿ ಇಡೋದು ಸ್ವಲ್ಪ ಜಾಸ್ತಿನೇ ಆತು ಅನಸ್ತದ."

ಹಳೇಹೊತ್ತಿಗೆ
ಅಷ್ಟೇ! ಮತ್ತೆ ನೀವು 'ಅನಸ್ತದ'ವನ್ನ ಎಲ್ಲಿ ಇಟ್ಟಿರಿ ನೋಡಿ. ಗರ್ಟ್ರೂಡ್ ಇಟ್ಟ ಜಾಗದಲ್ಲೇ. ಮಾತು ಆಡಿ ಮುಗಿಸಿ, ಆಮೇಲೆ ಬಾಲದಲ್ಲಿ ಸುಮ್ನೆ ಒಂದು 'ಅನ್ಸುತ್ತೆ'. ಹೇಳೋದನ್ನೆಲ್ಲ ಹೇಳಿ, ಹೊಣೆ ಮಾತ್ರ ಸ್ವಲ್ಪ ಕಡಿಮೆ ಮಾಡಿಕೊಂಡ ಹಾಗೆ. ಮಿಥಿಂಕ್ಸ್ ಅನ್ನ ಮೊದಲಿಗೆ ತಂದರೆ ಈ ರುಚಿ ಹೋಗುತ್ತೆ.

ಕಡಲತಡಿ
ಕುವೆಂಪು ಅವರ 'ರಕ್ತಾಕ್ಷಿ' ಹ್ಯಾಮ್ಲೆಟ್‌ನಿಂದ ಬಂದದ್ದಲ್ವಾ? ಅದರಲ್ಲಿ ಈ ಮಾತು ಹುಡುಕಬಹುದೇನೋ.

ಹಳೇಹೊತ್ತಿಗೆ
ಅದು ಸಾಲಿಗೆ ಸಾಲು ಅನುವಾದ ಅಲ್ಲ. ಕತೆಯನ್ನ ಬಿದನೂರಿಗೆ ಒಗ್ಗಿಸಿ ಬರೆದದ್ದು. ಮಿಥಿಂಕ್ಸ್ ಹುಡುಕೋಕೆ ಅದು ಜಾಗ ಅಲ್ಲ. ಓದೋಕೆ ಅಂತ ಓದಿ.

ಕೋಡುಬಳೆ_ಕೋಡರ್
ನಮ್ಮ ಕ್ಷೇತ್ರದವರಿಗೆ ಮಿಥಿಂಕ್ಸ್ ಗೊತ್ತಿರೋದು ಬೇರೆ ದಾರಿಯಿಂದ. 'ಮಿಥಿಂಕ್ಸ್ ಇಟ್ ಈಸ್ ಲೈಕ್ ಎ ವೀಸಲ್'. ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ 1986ರಲ್ಲಿ ವಿಕಾಸವಾದ ವಿವರಿಸೋಕೆ ಒಂದು ಪುಟ್ಟ ಕಂಪ್ಯೂಟರ್ ಪ್ರೋಗ್ರಾಂ ಬಳಸಿದ್ದರು. ಖಾಲಿ ಜಾಗ ಸೇರಿ 28 ಅಕ್ಷರಗಳ ಸಾಲು. ಪ್ರತಿ ಜಾಗಕ್ಕೂ 27 ಆಯ್ಕೆ: 26 ಅಕ್ಷರ, ಒಂದು ಖಾಲಿ. ಸುಮ್ನೆ ಕೀಲಿಮಣೆ ಕುಟ್ಟುತ್ತಾ ಕೂತರೆ ಈ ಸಾಲು ಬರೋ ಸಾಧ್ಯತೆ 1ರ ಮುಂದೆ 40 ಸೊನ್ನೆ ಹಾಕಿದರೆ ಬರುವ ಸಂಖ್ಯೆಯಲ್ಲಿ ಒಂದು ಪಾಲು, ಸುಮಾರಾಗಿ. ಆದರೆ ಪ್ರತಿ ಸುತ್ತಿನಲ್ಲೂ ಗುರಿಗೆ ಹತ್ತಿರ ಇರುವುದನ್ನ ಉಳಿಸಿಕೊಂಡು, ಅದರ ನಕಲುಗಳಲ್ಲಿ ಸಣ್ಣ ಬದಲಾವಣೆ ಮಾಡುತ್ತಾ ಹೋದರೆ ಬೇಗ ಸಿಕ್ಕಿಬಿಡುತ್ತೆ. ಕಾಲೇಜಲ್ಲಿ ನಾವೆಲ್ಲ ಬರೆದಿದ್ದೀವಿ ಈ ಪ್ರೋಗ್ರಾಂ. ಪದದ ಅರ್ಥ ಮಾತ್ರ ಯಾರೂ ಕೇಳಿರಲಿಲ್ಲ.

ನುಡಿಗಾರ
ಮಜಾ ಏನಂದ್ರೆ ಅದೂ ಹ್ಯಾಮ್ಲೆಟ್‌ನ ಅದೇ ದೃಶ್ಯದ ಕೊನೆಯಲ್ಲಿ ಬರುತ್ತೆ. ಮೋಡ ತೋರಿಸಿ ಹ್ಯಾಮ್ಲೆಟ್ 'ಒಂಟೆ ಥರ ಇದೆ ಅಲ್ವಾ' ಅಂತಾನೆ. ಪೊಲೋನಿಯಸ್ 'ಹೌದು ಹೌದು' ಅಂತಾನೆ. 'ವೀಸಲ್ ಥರ ಅನ್ನಿಸುತ್ತೆ' ಅಂದರೆ ಅದಕ್ಕೂ ಹೌದು. 'ತಿಮಿಂಗಿಲ?' ಅದಕ್ಕೂ ಹೌದು. ವೀಸಲ್ ಅಂದರೆ ಮುಂಗುಸಿಯ ಹಾಗೆ ಕಾಣುವ, ಅದಕ್ಕಿಂತ ಚಿಕ್ಕ ಪ್ರಾಣಿ. ಮೋಡದ ಆಕಾರ ಅವರವರ ಕಣ್ಣಿಗೆ ತೋರಿದ್ದು. 'ತೋರು' ಅನ್ನೋ ಹಳೇ ಅರ್ಥ ಇಲ್ಲಿ ಎಷ್ಟು ಸರಿಯಾಗಿ ಕೂತಿದೆ ನೋಡಿ.

ಮಳೆಬಿಲ್ಲು
ಇದರ ಭೂತಕಾಲ? 'ಮಿಥಾಟ್' ಅಂತ ಇದೆಯಾ?

ಹಳೇಹೊತ್ತಿಗೆ
ಇದೆ. ಅದು ಎಲ್ಲಿ ಹೆಚ್ಚು ಬರುತ್ತೆ ಗೊತ್ತಾ? ಕನಸು ಹೇಳುವಾಗ. 'ರಿಚರ್ಡ್ 3' ನಾಟಕದಲ್ಲಿ ಸೆರೆಯಲ್ಲಿರುವ ಕ್ಲಾರೆನ್ಸ್ ತಾನು ಸಮುದ್ರದಲ್ಲಿ ಮುಳುಗಿದ ಕನಸನ್ನ ಹೇಳುವಾಗ ಮಿಥಾಟ್, ಮಿಥಾಟ್ ಅಂತಲೇ ಹೋಗ್ತಾನೆ. 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್'ನಲ್ಲಿ ಬಾಟಮ್ ಎದ್ದು ಕೂತು 'ಮಿಥಾಟ್ ಐ ವಾಸ್' ಅಂತ ಶುರು ಮಾಡಿ, ಏನಾಗಿದ್ದೆ ಅಂತ ಹೇಳೋಕಾಗದೆ ಅಲ್ಲೇ ನಿಲ್ಲಿಸ್ತಾನೆ. ಪಾಪ, ಅವನ ತಲೆ ಕತ್ತೆ ತಲೆಯಾಗಿತ್ತಲ್ಲ. ಮಿಲ್ಟನ್‌ನ ಒಂದು ಸಾನೆಟ್ 'ಮಿಥಾಟ್ ಐ ಸಾ' ಅಂತ ಶುರುವಾಗುತ್ತೆ. ತೀರಿಹೋದ ಹೆಂಡತಿ ಕನಸಿಗೆ ಬಂದದ್ದನ್ನ ಬರೆದದ್ದು. ಅದನ್ನ ಬರೆಯುವಾಗ ಮಿಲ್ಟನ್‌ಗೆ ಕಣ್ಣು ಪೂರ್ತಿ ಹೋಗಿತ್ತು. 'ನೋಡಿದೆ' ಅಂತ ಹೇಳೋ ಹಾಗಿಲ್ಲ, 'ನೋಡಿದ ಹಾಗನ್ನಿಸಿತು' ಅನ್ನಬೇಕು. 'ಐ ಥಾಟ್' ಹಾಕಿದರೆ ಆ ಸಾಲು ಕೆಡುತ್ತೆ. ಕನಸಿನಲ್ಲಿ ಯಾರೂ ಯೋಚಿಸಲ್ಲ, ಎಲ್ಲ ತಾನಾಗಿ ತೋರುತ್ತೆ.

ಇನ್ನೊಂದು. ಕ್ಲಾರೆನ್ಸ್‌ನ ಮಾತಿನಲ್ಲಿ ಹಳೆಯ ಮುದ್ರಣಗಳಲ್ಲಿ ಕೆಲವು ಕಡೆ 'ಮಿಥಾಟ್ಸ್' ಅಂತಲೂ ಇದೆ. ಭೂತಕಾಲಕ್ಕೆ 'ಸ್' ಸೇರಬಾರದು. ಮಿಥಿಂಕ್ಸ್‌ನಲ್ಲಿ 'ಸ್' ಇದೆಯಲ್ಲ, ಇಲ್ಲೂ ಇರಲಿ ಅಂತ ಯಾರೋ ಸೇರಿಸಿದ್ದಾರೆ. ಆ 'ಸ್' ಯಾಕಿದೆ ಅನ್ನೋದು ಆಗಲೇ ಜನರಿಗೆ ಮರೆತುಹೋಗಿತ್ತು ಅನ್ಸುತ್ತೆ.

ಗಡಿಯಾಚೆ
"ಅನ್ಸುತ್ತೆ". ಮೇಷ್ಟ್ರೂ ಬಾಲದಲ್ಲೇ ಇಟ್ಟರು :)

ಸಿಡಿಲಮರಿ
ನನಗೊಂದು ಗಂಭೀರ ಪ್ರಶ್ನೆ. 'ನನಗೆ ಹಸಿವಾಗಿದೆ' ವಾಕ್ಯದಲ್ಲಿ ಕರ್ತೃ ಯಾರು? ಶಾಲೆಯಲ್ಲಿ 'ಹಸಿವು' ಅಂತ ಹೇಳಿಕೊಟ್ಟರು. ಹಸಿದಿರೋನು ನಾನು, ಕರ್ತೃ ಹಸಿವಾ?

ನುಡಿಗಾರ
ಇದು ನಿಜಕ್ಕೂ ದೊಡ್ಡ ಚರ್ಚೆ. ಕ್ರಿಯಾಪದ ಯಾರ ಜೊತೆ ಹೊಂದುತ್ತೆ ಅಂತ ನೋಡಿದರೆ ಶಾಲೆಯವರು ಹೇಳಿದ್ದು ಸರಿ. ಆದರೆ ಈ ವಾಕ್ಯ ನೋಡಿ: 'ರಾಮನಿಗೆ ತನ್ನ ಮನೆ ನೆನಪಾಯಿತು.' ಇಲ್ಲಿ 'ತನ್ನ' ಯಾರನ್ನ ಹೇಳುತ್ತೆ? ರಾಮನನ್ನ. ಕನ್ನಡದಲ್ಲಿ 'ತನ್ನ' ಸಾಮಾನ್ಯವಾಗಿ ಕರ್ತೃವಿನ ಕಡೆಗೇ ಕೈ ತೋರಿಸೋದು. 'ರಾಮ ತನ್ನ ಮನೆಗೆ ಹೋದ' ಅನ್ನೋದರಲ್ಲಿ ಇದ್ದ ಹಾಗೆ. ಅಂದರೆ ಒಂದು ಲೆಕ್ಕದಲ್ಲಿ ಮನೆ ಕರ್ತೃ, ಇನ್ನೊಂದು ಲೆಕ್ಕದಲ್ಲಿ ರಾಮ. 1970ರ ದಶಕದಲ್ಲಿ ಭಾಷಾಶಾಸ್ತ್ರಜ್ಞ ಎಸ್.ಎನ್. ಶ್ರೀಧರ್ ಅವರು ಕನ್ನಡದ ಇಂಥ ವಾಕ್ಯಗಳನ್ನೇ ಇಟ್ಟುಕೊಂಡು, 'ಕರ್ತೃ' ಅಂದರೆ ಏನು ಅನ್ನೋ ಪ್ರಶ್ನೆ ಎತ್ತಿದ್ದರು. ಇಂಗ್ಲಿಷ್ ಈ ಜಗ್ಗಾಟದಲ್ಲಿ ಒಂದು ಕಡೆಗೆ ವಾಲಿತು, ಕನ್ನಡ ಎರಡನ್ನೂ ಹಿಡಿದುಕೊಂಡು ಹಾಗೇ ಇದೆ. ನಮ್ಮಲ್ಲಿ 'ಗೆ' ಉದುರಿಲ್ಲವಲ್ಲ, ವಾಲೋ ಅಗತ್ಯವೇ ಬಿದ್ದಿಲ್ಲ.

ಕೋಡುಬಳೆ_ಕೋಡರ್
ಮಿಥಿಂಕ್ಸ್ ಥರದ್ದು ಬೇರೆ ಏನಾದರೂ ಉಳಿದಿದೆಯಾ ಇಂಗ್ಲಿಷ್‌ನಲ್ಲಿ?

ಹಳೇಹೊತ್ತಿಗೆ
'ಇಫ್ ಯು ಪ್ಲೀಸ್' ಇದೆ. ಮೊದಲು ಅದರ ಅರ್ಥ 'ನಿಮಗೆ ಹಿಡಿಸಿದರೆ'. 'ಯು' ಇಲ್ಲಿ ಕರ್ತೃ ಆಗಿರಲಿಲ್ಲ. 'ವೋ ಈಸ್ ಮಿ' ಅಂದರೆ 'ನಾನೇ ದುಃಖ' ಅಲ್ಲ, 'ನನಗೆ ದುಃಖ'. 'ಮಿಸೀಮ್ಸ್' ಅಂತಲೂ ಒಂದಿತ್ತು, ಅದು ಪೂರ್ತಿ ಹೋಯಿತು.

ಆಮೇಲೆ 'ಲಿಸ್ಟ್'. ಪಟ್ಟಿ ಅಲ್ಲ, ಇದು ಬೇರೆ ಪದ. 'ಮಿ ಲಿಸ್ಟ್' ಅಂದರೆ 'ನನಗೆ ಬೇಕೆನಿಸುತ್ತೆ'. 1611ರ ಬೈಬಲ್ ಅನುವಾದದಲ್ಲಿ, ಯೋಹಾನನ ಸುವಾರ್ತೆಯಲ್ಲಿ, ಗಾಳಿ ತನಗೆ ಬೇಕಾದ ಕಡೆ ಬೀಸುತ್ತೆ ಅನ್ನೋದಕ್ಕೆ 'ವ್ಹೇರ್ ಇಟ್ ಲಿಸ್ಟೆತ್' ಅಂತ ಇದೆ. ಕ್ರಿಯಾಪದ ಸತ್ತಿತು, ಆದರೆ 'ಲಿಸ್ಟ್‌ಲೆಸ್' ಉಳಿಯಿತು. ಏನೂ ಬೇಡ ಅನ್ನಿಸುವ ಸ್ಥಿತಿ.

ಮಳೆಬಿಲ್ಲು
ಕೊನೆಯದಾಗಿ ಒಂದು. ಇವತ್ತು ಮಿಥಿಂಕ್ಸ್ ಬಳಸಬಹುದಾ? ಆಫೀಸ್ ಮೇಲ್‌ನಲ್ಲಿ?

ಗಡಿಯಾಚೆ
ಬಳಸಿದರೆ ತಮಾಷೆ ಅಂತಲೇ ತಗೋತಾರೆ. ಸಂಬಳ ಜಾಸ್ತಿ ಮಾಡಿ ಅಂತ ಕೇಳೋ ಮೇಲ್‌ನಲ್ಲಿ ಬೇಡ.

ಹಳೇಹೊತ್ತಿಗೆ
ಬಳಸೋದಾದರೆ ಅದರ ಮುಂದೆ 'ಐ' ಮಾತ್ರ ಸೇರಿಸಬೇಡಿ. 'ಐ ಮಿಥಿಂಕ್ಸ್' ಅಂತ ಬರೆಯೋರು ತುಂಬಾ ಜನ ಇದ್ದಾರೆ. 'ನಾನು ನನಗೆ ಅನ್ನಿಸುತ್ತದೆ' ಅಂದ ಹಾಗಾಗುತ್ತೆ. ಒತ್ತು 'ಥಿಂಕ್ಸ್' ಮೇಲೆ ಬರಲಿ, 'ಮಿ' ಮೇಲೆ ಬೇಡ.

ಪೇಡೆಪ್ರಿಯ
ಮೇಷ್ಟ್ರೇ, 'ಕ್ವೋತ್' ಅಂತ ಇನ್ನೊಂದು ಐತಲ್ರೀ, 'ಅಂದ' ಅನ್ನೋ ಅರ್ಥದ್ದು. ಅದರ ವರ್ತಮಾನಕಾಲ ಎಲ್ಲೂ ಸಿಗಂಗಿಲ್ಲ, ಯಾಕ?

ನಿರ್ವಾಹಕ
ಪೇಡೆಪ್ರಿಯ ಅವರೇ, ಅದಕ್ಕೆ ಬೇರೆ ಎಳೆ ತೆಗೀರಿ. ಇಲ್ಲೇ ಹಾಕಿದರೆ ಆಮೇಲೆ ಹುಡುಕೋರಿಗೆ ಸಿಗಲ್ಲ.

ಹಳೇಹೊತ್ತಿಗೆ
ತೆಗೆದು ಕೊಂಡಿ ಹಾಕಿ, ಬರ್ತೀನಿ. ಸುಳಿವು ಬೇಕಾದರೆ 'ಬಿಕ್ವೀತ್' ನೋಡಿ. ಉಯಿಲು ಬರೆದು ಆಸ್ತಿ ಬಿಟ್ಟುಹೋಗೋದು ಅಂತ ಅರ್ಥ ಇರೋದು. ವರ್ತಮಾನಕಾಲ ಅದರೊಳಗೆ ಅಡಗಿ ಕೂತಿದೆ.